ಪಟ್ಟಿಯಲ್ಲಿ ಇಲ್ಲದ ಪದರ

ಮೂಡಿಗೆರೆ ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಸಾಮಾಜಿಕ ಸ್ತರವಿನ್ಯಾಸ (ಸ್ಟ್ರ್ಯಾಟಿಫಿಕೇಶನ್), ಅಂದರೆ ಸಮಾಜ ಮೇಲೆ ಕೆಳಗೆ ಪದರಗಳಾಗಿ ಇರುವುದು, ಎನ್ನುವ ಅಧ್ಯಾಯ ಪ್ರತಿ ವರ್ಷ ಬರುತ್ತದೆ. ಮೊದಮೊದಲು ಅದನ್ನು ನೋಟ್ಸ್ ನೋಡಿಯೇ ಹೇಳುತ್ತಿದ್ದೆ. ಜಾತಿ, ವರ್ಗ, ಅಂತಸ್ತು ಎಂದು ಬೋರ್ಡಿನಲ್ಲಿ ಬರೆದು, ಪಕ್ಕದಲ್ಲಿ ಬಂಡೆಯ ಪದರಗಳ ಚಿತ್ರ ಬಿಡಿಸಿ, ಸಮಾಜವೂ ಹೀಗೇ ಇದೆ ಎಂದು ಮುಗಿಸುತ್ತಿದ್ದೆ. ಸ್ತರ ಎನ್ನುವ ಮಾತು ನಮಗೆ ಬಂದಿದ್ದೇ ಭೂಗರ್ಭಶಾಸ್ತ್ರದಿಂದ ಅಲ್ವಾ, ಚಿತ್ರ ಸರಿಯಾಗಿಯೇ ಇದೆ ಅಂದುಕೊಂಡಿದ್ದೆ.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಬಂಡೆಯಲ್ಲಿ ಕೆಳಗಿನ ಪದರ ಹಳೇದು, ಮೇಲಿಂದು ಆಮೇಲೆ ಬಂದಿದ್ದು ಅಂತ ಓದಿದ್ದೀವಿ. ಸಮಾಜದಲ್ಲೂ ಮೇಲಿರೋರು ಆಮೇಲೆ ಬಂದೋರಾ?" ಅವಳ ಅಪ್ಪ ಅಮ್ಮ ಇಬ್ಬರೂ ಎಸ್ಟೇಟ್ ಕೆಲಸದವರು. ಮನೆ ಲೈನಿನಲ್ಲಿ, ಅಂದರೆ ಆಳುಗಳಿಗೆಂದು ತೋಟದವರು ಸಾಲಾಗಿ ಕಟ್ಟಿಸಿದ ಕೋಣೆಗಳಲ್ಲಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳ್ತೀನಿ ಅಂದೆ. ಆ ನಾಳೆ ಬರಲು ಒಂದು ಸೆಮಿಸ್ಟರೇ ಬೇಕಾಯಿತು.

ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಎಲ್ಲರ ವಿಷಯದಲ್ಲೂ ಈ ಮಾತು ಇತ್ತು, ಆದರೆ ಅರ್ಥ ಬೇರೆ ಬೇರೆ. ಕೆಳಗಿನದು ಹಳೆಯದು ಎನ್ನುವ ನಿಯಮವನ್ನು 1669ರಲ್ಲಿ ಬರೆದಿಟ್ಟವನು ಡೆನ್ಮಾರ್ಕಿನ ನಿಕೊಲಸ್ ಸ್ಟೆನೋ. ನೀರಿನಲ್ಲಿ ಮಣ್ಣು, ಮರಳು ತನ್ನ ಭಾರಕ್ಕೆ ತಾನೇ ತಳಕ್ಕೆ ಕೂರುತ್ತದೆ. ಅದನ್ನು ಯಾರೂ ಕೂರಿಸುವುದಿಲ್ಲ. ನಮ್ಮ ಬಾಬಾಬುಡನ್ ಗಿರಿಯ ಕಬ್ಬಿಣದ ಕಲ್ಲಿನಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುವುದೂ ಅಂಥ ಪದರಗಳೇ. 250 ಕೋಟಿ ವರ್ಷಕ್ಕೂ ಹಿಂದಿನವು. ಆಮೇಲೆ ನೆಲ ಒತ್ತಿ, ಮಡಚಿ, ಓರೆಯಾಗಿ ನಿಂತಿವೆ. ಹಾಗೆ ಮಗುಚಿಬಿದ್ದ ಕಡೆ ಕೆಳಗಿನದೇ ಹಳೆಯದು ಎಂದು ಕಣ್ಣುಮುಚ್ಚಿ ಹೇಳುವ ಹಾಗಿಲ್ಲವಂತೆ.

ಕೆರೆಯಲ್ಲಿ ಬಿಸಿಯಾದ ನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣನೆಯದು ಕೆಳಗೆ. ಹವೆ ತಣ್ಣಗಾಗಿ ಗಾಳಿ ಜೋರಾದರೆ ಎರಡೂ ಬೆರೆಯುತ್ತವೆ. ಸೇಬಿನ ಬೀಜವನ್ನು ಒದ್ದೆ ಮರಳಿನ ನಡುವೆ ಪದರವಾಗಿ ಹರಡಿ ತಂಪಿನಲ್ಲಿ ಇಡುತ್ತಾರೆ, ಅದಕ್ಕೂ ಇದೇ ಹೆಸರು. ಅಲ್ಲಿ ಪದರ ಇರುವುದು ಬೀಜವನ್ನು ಎಬ್ಬಿಸಲು.

ಇಷ್ಟೆಲ್ಲ ಕೇಳಿದ ಮೇಲೆ ಎರಡು ಪ್ರಶ್ನೆ ಇಟ್ಟುಕೊಂಡೆ. ಈ ಪದರಗಳನ್ನು ಬೇರೆ ಮಾಡಿದ್ದು ಯಾವುದು? ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಇದೆಯಾ? ಪ್ರವಾಸಕ್ಕೆ ಹಳೇಬೀಡಿಗೆ ಹೋದಾಗಲೂ ಮಕ್ಕಳಿಗೆ ಇದನ್ನೇ ಕೇಳಿದೆ. ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಕಥೆಗಳು, ಮಕರ, ಹಂಸ. ಆನೆ ಹಳೆಯದು, ಹಂಸ ಹೊಸದು ಎಂದು ಅಲ್ಲಿ ಹೇಳಲು ಆಗುತ್ತದೆಯೇ? ಯಾರೋ ಯೋಚನೆ ಮಾಡಿ ಆನೆಯನ್ನು ಕೆಳಗೆ ಇಟ್ಟರು. ಭಾರ ಹೊರುವುದು ಅದೇ ತಾನೇ ಎಂದು ಒಬ್ಬ ಹುಡುಗ ಹೇಳಿದ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ನಿಜವಾದ ಪಾಠ ಆಗಿದ್ದು ತೋಟದಲ್ಲಿ. ಬಾಟನಿ ಮೇಡಂ ಜೊತೆ ಮಕ್ಕಳನ್ನು ಹತ್ತಿರದ ಒಂದು ಕಾಫಿ ತೋಟಕ್ಕೆ ಕರೆದುಕೊಂಡು ಹೋದೆವು. ಬಿಸಿಲೆಯಂಥ ಕಾಡಿನಲ್ಲಿ ಮರಗಳನ್ನು ಮೇಲೆ ಕೆಳಗೆ ಮಾಡುವುದು ಬೆಳಕು ಎಂದು ಅವರು ವಿವರಿಸಿದರು. ದೊಡ್ಡ ಮರ ಬಿದ್ದರೆ ಅಷ್ಟು ವರ್ಷ ನೆರಳಲ್ಲಿ ಕಾದಿದ್ದ ಗಿಡ ಮೇಲೇಳುತ್ತದೆ. ತೋಟದಲ್ಲಿ ಹಾಗಲ್ಲ. ಎತ್ತರದಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿ. ಅದರ ಕೆಳಗೆ ಹಾಲುವಾಣ. ಅದರ ಕೆಳಗೆ ಕಾಫಿ. ಹಾಲುವಾಣವನ್ನು ಸುಮ್ನೆ ಬಿಟ್ಟರೆ ಅದೂ ಎತ್ತರಕ್ಕೆ ಹೋಗುವ ಮರವೇ. ಪ್ರತಿ ವರ್ಷ ಮರಗಸಿ ಮಾಡಿ ಕೊಂಬೆ ಕಡಿಯುತ್ತೇವೆ, ಅದಕ್ಕೇ ಅದು ಅಲ್ಲಿ ನಿಂತಿದೆ. ಅಂದರೆ ಆ ಪದರವನ್ನು ಇಟ್ಟಿರುವುದು ಕತ್ತಿ.

ಹುಡುಗಿಗೆ ಕೊಡಬೇಕಾದ ಉತ್ತರ ನನಗೆ ಅಲ್ಲೇ ಹೊಳೆಯಿತು. ಸಮಾಜಕ್ಕೆ ಬಂಡೆಯ ಚಿತ್ರ ಬಿಡಿಸಿದ್ದೇ ತಪ್ಪು. ತೋಟದ ಚಿತ್ರ ಬಿಡಿಸಬೇಕಿತ್ತು. ಬಂಗಲೆ, ಲೆಕ್ಕ ಬರೆಯುವ ರೈಟರ್ ಮನೆ, ಮೇಸ್ತ್ರಿ ಮನೆ, ಕೊನೆಗೆ ಲೈನ್ ಮನೆ, ಇವು ತಾವಾಗಿಯೇ ತಳಕ್ಕೆ ಕೂತಿದ್ದಲ್ಲ. ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆಯನ್ನು ಆವತ್ತು ಮರದ ಕೆಳಗೆ ಕೂತು ವಿವರಿಸಿದೆ. ಪ್ರತಿ ಮೆಟ್ಟಿಲಿನವರಿಗೂ ತಮಗಿಂತ ಕೆಳಗೆ ಒಬ್ಬರಿರುತ್ತಾರೆ, ಹಾಗಾಗಿ ಎಲ್ಲರೂ ಸೇರಿ ಇಡೀ ಏಣಿಯನ್ನು ಪ್ರಶ್ನೆ ಮಾಡುವುದು ಕಷ್ಟ. ಕ್ಲಾಸಿನಲ್ಲಿ ಹತ್ತು ಸಲ ಹೇಳಿದ್ದೆ. ಮಕ್ಕಳು ತಿರುಗಿ ಪ್ರಶ್ನೆ ಕೇಳಿದ್ದು ಇದೇ ಮೊದಲು.

ಮಕ್ಕಳು ಬರೆದ ತೋಟದ ಪದರಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ 'ಕಳೆ' ಎಂದಿತ್ತು. ಅದೇ ಹುಡುಗಿ ಅದನ್ನು ಹೊಡೆದುಹಾಕಿ ಕೆಸು, ಚಗತೆ ಸೊಪ್ಪು, ಅಣಬೆ ಎಂದು ಬರೆದಳು. "ಅಮ್ಮ ಕೆಲ್ಸ ಮುಗ್ಸಿ ಬರೋವಾಗ ಸಾರಿಗೆ ಕಿತ್ಕೊಂಡು ಬರೋದು ಇಲ್ಲಿಂದಾನೇ."

ಡೇವಿಸ್ ಮತ್ತು ಮೂರ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1945ರಲ್ಲಿ ಒಂದು ವಾದ ಮಂಡಿಸಿದ್ದರು. ಸಮಾಜಕ್ಕೆ ಮುಖ್ಯವಾದ, ಹೆಚ್ಚು ತರಬೇತಿ ಬೇಕಾದ ಕೆಲಸಗಳಿಗೆ ಯೋಗ್ಯರು ಬರಲಿ ಎಂದೇ ಹೆಚ್ಚು ಸಂಬಳ, ಹೆಚ್ಚು ಮರ್ಯಾದೆ ಇದೆ ಎಂದು. 1953ರಲ್ಲಿ ಟ್ಯೂಮಿನ್ ಇದನ್ನು ಒಪ್ಪದೆ ಉತ್ತರ ಬರೆದರು. ಯಾವ ಕೆಲಸ ಮುಖ್ಯ ಎಂದು ಅಳೆಯುವುದು ಹೇಗೆ? ನಮ್ಮ ಮಕ್ಕಳಿಗೆ ಈ ಜಗಳ ಕೂಡಲೇ ಅರ್ಥವಾಯಿತು. ಹಣ್ಣಾದ ಕಾಫಿಯನ್ನು ಹೊತ್ತಿಗೆ ಕೊಯ್ಯದಿದ್ದರೆ ಗಿಡದಲ್ಲೇ ಒಣಗುತ್ತದೆ, ನೆಲಕ್ಕೆ ಉದುರುತ್ತದೆ. ಕೊಯ್ಯುವವರು ಮುಖ್ಯ ಅಲ್ಲ ಎಂದು ಮಲೆನಾಡಿನಲ್ಲಿ ಯಾರಾದರೂ ಹೇಳುತ್ತಾರಾ?

ಇದನ್ನೇ ಹಿಡಿದು ಒಂದು ಸಮೀಕ್ಷೆ ಮಾಡಲು ಹೊರಟೆವು. ಕೊಯ್ಲಿಗೆ ಒಂದು ತೋಟಕ್ಕೆ ಎಷ್ಟು ಆಳು ಬೇಕು, ಸಿಗುತ್ತಾರಾ ಎನ್ನುವುದು ವಿಷಯ. ಬೆಳೆಗಾರರ ಪಟ್ಟಿ ತಂದು 40 ಚೀಟಿ ಎತ್ತಿದೆವು. ಒಂದೂ ದೊಡ್ಡ ಎಸ್ಟೇಟ್ ಬರಲಿಲ್ಲ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ರಷ್ಟು ಮಂದಿ 10 ಹೆಕ್ಟೇರ್ ಒಳಗಿನ ಸಣ್ಣ ಬೆಳೆಗಾರರು. ಸುಮ್ಮನೆ ಚೀಟಿ ಎತ್ತಿದರೆ ಹೀಗೇ ಆಗುವುದು.

ಸ್ಟ್ಯಾಟಿಸ್ಟಿಕ್ಸ್ ಸರ್ ದಾರಿ ತೋರಿಸಿದರು. ಮೊದಲು ಪಟ್ಟಿಯನ್ನೇ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಮಾಡಿ, ಆಮೇಲೆ ಪ್ರತಿ ಗುಂಪಿನಿಂದ ಬೇರೆ ಬೇರೆ ಚೀಟಿ ಎತ್ತಿ ಅಂದರು. ಅವರ ವಿಷಯದಲ್ಲಿ ಪದರ ಎಂದರೆ ಈ ಗುಂಪುಗಳೇ. ಪ್ರತಿ ಗುಂಪಿನಿಂದ ಎಷ್ಟು? ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ 1934ರಲ್ಲಿ ತೋರಿಸಿದ ದಾರಿ ಇದೆ. ಗುಂಪು ಎಷ್ಟು ದೊಡ್ಡದು ಎನ್ನುವುದರ ಜೊತೆಗೆ, ಅದರೊಳಗೆ ಎಷ್ಟು ಏರುಪೇರು ಇದೆ ಎಂದೂ ನೋಡಬೇಕು. ಎರಡು ಎಕರೆಯವರ ಲೆಕ್ಕ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ, ದೊಡ್ಡ ಎಸ್ಟೇಟುಗಳದ್ದು ಒಂದರ ಹಾಗೆ ಇನ್ನೊಂದಿಲ್ಲ. ಹಾಗಾಗಿ ದೊಡ್ಡವು ಕೆಲವೇ ಇದ್ದರೂ ಅಲ್ಲಿಂದ ಜಾಸ್ತಿ ಚೀಟಿ ಎತ್ತಿದೆವು. ಕೊನೆಗೆ ಸರಾಸರಿ ತೆಗೆಯುವಾಗ ಎಡವಿದೆವು. ಎಲ್ಲವನ್ನೂ ಕೂಡಿಸಿ 40ರಿಂದ ಭಾಗಿಸಿದಾಗ ಆಳಿನ ಲೆಕ್ಕ ವಿಪರೀತ ಮೇಲೆ ಹೋಯಿತು. ಪ್ರತಿ ಗುಂಪಿನ ಸರಾಸರಿಯನ್ನು ಮೊದಲು ಬೇರೆ ತೆಗೆದು, ಇಡೀ ಪಟ್ಟಿಯಲ್ಲಿ ಆ ಗುಂಪಿನ ಪಾಲು ಎಷ್ಟೋ ಅಷ್ಟೇ ತೂಕ ಕೊಟ್ಟು ಕೂಡಿಸಬೇಕು. ಅದನ್ನು ಮಾಡಿದ ಮೇಲೆ ಸರಿಹೋಯಿತು.

ವರದಿ ಟೈಪ್ ಮಾಡುವಾಗ ನನಗೆ ಕಸಿವಿಸಿ ಶುರುವಾಯಿತು. 'ಆಳು ಸಿಗುತ್ತಿಲ್ಲ' ಎಂದು ಪ್ರತಿ ಪುಟದಲ್ಲೂ ಇದೆ. ಹೇಳಿದವರೆಲ್ಲ ತೋಟದವರು. ಆಳುಗಳು ಏನು ಹೇಳುತ್ತಾರೆ ಎನ್ನುವುದು ಒಂದು ಸಾಲೂ ಇಲ್ಲ. ಅವರನ್ನು ನಾವು ಬೇಕೆಂದು ಬಿಟ್ಟಿರಲಿಲ್ಲ. ನಾವು ತಂದ ಪಟ್ಟಿ ಜಮೀನು ಇರುವವರ ಪಟ್ಟಿ. ಅದನ್ನು ಮೂರು ಮಾಡಿ, ಆರು ಮಾಡಿ, ಲೈನ್ ಮನೆಯ ಒಬ್ಬರ ಹೆಸರೂ ಬರುವುದಿಲ್ಲ. ಕೊಯ್ಲಿಗೆಂದು ಅಸ್ಸಾಮಿನಿಂದ ಬರುವವರಂತೂ ಊರಿನ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಗುಡಿಯಲ್ಲಾದರೂ ಆನೆಯನ್ನು ಕೆಳಗೆ ಕೆತ್ತಿದ್ದರು. ನಾವು ಕೆತ್ತಿಯೇ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮತ್ತೆ ಸರ್ ಹತ್ತಿರವೇ ಹೋದೆ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಒಂದು ಪದ್ಧತಿ ಇದೆ ಎಂದು ವಿವರಿಸಿದರು. ಆರಿಸಿದ ಊರಿಗೆ ಹೋದವರು ಮೊದಲು ಮನೆ ಮನೆ ಸುತ್ತಿ ತಾವೇ ಪಟ್ಟಿ ಬರೆಯುತ್ತಾರೆ. ಗುಂಪು ಮಾಡುವುದು, ಆರಿಸುವುದು ಎಲ್ಲ ಆಮೇಲೆ. ನಾವೂ ಹಾಗೇ ಮಾಡಿದೆವು. ತೋಟದವರ ಒಪ್ಪಿಗೆ ಕೇಳಿ, ಭಾನುವಾರಗಳಲ್ಲಿ ಲೈನ್ ಮನೆಗಳಿಗೆ ಹೋದೆವು. ಪ್ರತಿ ಕೋಣೆಗೆ ಒಂದು ನಂಬರ್ ಕೊಟ್ಟು, ಒಳಗೆ ಎಷ್ಟು ಜನ ಎಂದು ಬರೆದುಕೊಂಡೆವು. ಹೆಸರು ಬರೆಯಲಿಲ್ಲ. ಕಾಯಂ ಇರುವವರು, ಊರಿನಿಂದ ದಿನಾ ಬಂದು ಹೋಗುವವರು, ಹೊರ ರಾಜ್ಯದವರು ಎಂದು ಮೂರು ಗುಂಪು. ಹಿಂದಿ ಬರುವ ಇಬ್ಬರು ಮಕ್ಕಳನ್ನು ಮೂರನೆಯ ಗುಂಪಿಗೆ ಕಳಿಸಿದೆ.

ಒಂದು ತೊಂದರೆ ಈಗಲೂ ಇದೆ. ನವೆಂಬರಿನಲ್ಲಿ ಬರೆದ ಪಟ್ಟಿ ಜನವರಿಗೆ ಸುಳ್ಳಾಗುತ್ತದೆ. ಅರೇಬಿಕಾ ಕಾಫಿಯ ಕೊಯ್ಲು ಮುಗಿದ ತೋಟದಿಂದ ಜನ ಆಮೇಲೆ ಹಣ್ಣಾಗುವ ರೊಬಸ್ಟಾ ಕಾಫಿಯ ತೋಟಕ್ಕೆ ಹೋಗುತ್ತಾರೆ, ಕೋಣೆಗಳು ಖಾಲಿಯಾಗುತ್ತವೆ, ಇನ್ನೊಂದು ಕಡೆ ಒಂದೇ ಕೋಣೆಯಲ್ಲಿ ಎರಡು ಸಂಸಾರ ಇರುತ್ತದೆ. ಅದಕ್ಕೆ ಈ ವರ್ಷ ಎರಡು ಸಲ ಎಣಿಸುತ್ತಿದ್ದೇವೆ. ಮೊದಲ ಸುತ್ತು ಮುಗಿದಿದೆ. ಎರಡನೆಯದು ಸಂಕ್ರಾಂತಿ ಕಳೆದ ಮೊದಲ ಭಾನುವಾರ.