ವಾಟ್ ಫಾ ಲಾಟ್‌ಗೆ ಕಾಡುದಾರಿಯಲ್ಲಿ ನಡೆದು ಹೋದ ಅನುಭವ

ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ಗೆ ಹೋದವರು ಡೊಯಿ ಸುತೇಪ್ ಬೆಟ್ಟದ ಮೇಲಿನ ಚಿನ್ನದ ಸ್ತೂಪ ನೋಡದೆ ಬರುವುದಿಲ್ಲ. ಅದೇ ಬೆಟ್ಟ ಹತ್ತುವ ದಾರಿಯಲ್ಲಿ, ಕಾಡಿನೊಳಗೆ, ವಾಟ್ ಫಾ ಲಾಟ್ ಅಂತ ಒಂದು ಹಳೆಯ ಬೌದ್ಧ ದೇಗುಲ ಇದೆ. ಪ್ರವಾಸಿಗರನ್ನು ತುಂಬಿಕೊಂಡ ಕೆಂಪು ಸಾಂಗ್‌ಥೆವ್‌ಗಳು (ಹಿಂದೆ ಎರಡು ಸಾಲು ಸೀಟಿರುವ ಬಾಡಿಗೆ ಗಾಡಿಗಳು) ಅದರ ತಿರುವು ದಾಟಿ ಸೀದಾ ಮೇಲಕ್ಕೆ ಹೋಗಿಬಿಡುತ್ತವೆ. ನಾನು ಈ ದೇಗುಲಕ್ಕೇ ಅಂತ ಹೊರಟೆ, ಅದೂ ನಡೆದು. ಗಾಡಿಯಲ್ಲಿ ಹೋಗಿ ಇಳಿದಿದ್ದರೆ ನನಗೆ ಅದರ ಅರ್ಧವೂ ಸಿಗುತ್ತಿರಲಿಲ್ಲ.

ಯಾಕೆ ಅಂದರೆ, ಇದು ನಡೆಯುವವರಿಗಾಗಿಯೇ ಹುಟ್ಟಿದ ಜಾಗ. 14ನೇ ಶತಮಾನದಲ್ಲಿ ಈಗಿನ ಉತ್ತರ ಥಾಯ್ಲೆಂಡ್‌ನಲ್ಲಿದ್ದ ಲಾನ್ನಾ ರಾಜ್ಯವನ್ನು ಕುಎ ನಾ ಎಂಬ ರಾಜ ಆಳುತ್ತಿದ್ದ. ದಕ್ಷಿಣದ ಸುಖೋಥಾಯ್ ರಾಜ್ಯದಿಂದ ಬಂದ ಸುಮನ ಥೇರ ಎಂಬ ಭಿಕ್ಷು ಬುದ್ಧನ ಅಸ್ಥಿ ತಂದಿದ್ದರು. ಅದರ ಒಂದು ತುಂಡನ್ನು ಬಿಳಿ ಆನೆಯ ಮೇಲಿಟ್ಟು, ಆನೆ ಹೋದ ಕಡೆ ಹೋಗಲಿ ಅಂತ ಬಿಟ್ಟರಂತೆ. ಆನೆ ಬೆಟ್ಟ ಹತ್ತಿತು, ಮೇಲೆ ಹೋಗಿ ಘೀಳಿಟ್ಟು ಪ್ರಾಣ ಬಿಟ್ಟಿತು. ಅಲ್ಲೇ ಈಗಿನ ಚಿನ್ನದ ಸ್ತೂಪ ಎದ್ದಿತು. ಹತ್ತುವಾಗ ಆನೆ ದಣಿವಾರಿಸಿಕೊಂಡ ಜಾಗ ಫಾ ಲಾಟ್ ಅಂತ ಐತಿಹ್ಯ. ಮುಂದೆ ಬೆಟ್ಟ ಹತ್ತುವ ಯಾತ್ರಿಕರೂ ಇಲ್ಲೇ ಕೂತು ಸುಧಾರಿಸಿಕೊಂಡು ಹೋಗುತ್ತಿದ್ದರು.

ಆಮೇಲೆ ರಸ್ತೆ ಬಂತು. ಕ್ರುಬಾ ಶ್ರೀವಿಚಯ್ ಎಂಬ ಭಿಕ್ಷು 1934ರ ನವೆಂಬರ್‌ನಲ್ಲಿ ಕೆಲಸ ಶುರು ಮಾಡಿಸಿದರು. ಊರೂರುಗಳಿಂದ ಬಂದ ಜನ ಸೇವೆ ಅಂತ ಕೈಯಲ್ಲೇ ಅಗೆದು, ಕಡಿದು, 1935ರ ಏಪ್ರಿಲ್ ಹೊತ್ತಿಗೆ ಬೆಟ್ಟದ ಮೇಲಿನವರೆಗೆ ದಾರಿ ಮಾಡಿ ಮುಗಿಸಿದರು. ಗಾಡಿಯಲ್ಲಿ ಹೋಗುವವರಿಗೆ ದಣಿವೂ ಇಲ್ಲ, ತಂಗುದಾಣವೂ ಬೇಡ, ಅಲ್ವಾ? ಫಾ ಲಾಟ್ ಭಿಕ್ಷುಗಳ ಪಾಲಿಗೆ ಉಳಿಯಿತು. ಇವತ್ತು ಅಲ್ಲಿರುವ ಮೌನಕ್ಕೆ ಆ ರಸ್ತೆಯೂ ಒಂದು ಕಾರಣ.

ಕಾಲುದಾರಿ ಶುರುವಾಗುವುದು ಸುತೇಪ್ ರಸ್ತೆಯ ಕೊನೆಯಲ್ಲಿ, ಚಿಯಾಂಗ್ ಮಾಯ್ ವಿಶ್ವವಿದ್ಯಾಲಯ ದಾಟಿದ ಮೇಲೆ. ದಾರಿ ತಪ್ಪುವ ಭಯ ಬೇಡ. ಮರಗಳ ಕಾಂಡಕ್ಕೆ ಕಾವಿ ಬಟ್ಟೆ ಸುತ್ತಿದ್ದಾರೆ, ಅದನ್ನೇ ನೋಡುತ್ತಾ ಹೋದರೆ ಸಾಕು. ನಿಧಾನವಾಗಿ ನಡೆದರೂ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಏರು ಇದೆ, ಆದರೆ ಉಸಿರು ಕಟ್ಟುವಂಥದ್ದಲ್ಲ. ಬೇರು, ಕಲ್ಲು ಜಾಸ್ತಿ. ಹಿಡಿತ ಇರುವ ಶೂ ಹಾಕಿಕೊಳ್ಳಿ, ನೀರು ಕೆಳಗಿನಿಂದಲೇ ತನ್ನಿ. ಬಿಸಿಲೇರುವ ಮೊದಲೇ ಹೊರಡುವುದು ಒಳ್ಳೆಯದು.

ಬಟ್ಟೆ ಮುಖ್ಯ. ಭುಜ, ಮಂಡಿ ಮುಚ್ಚಿರಬೇಕು. ನಾನು ತೆಳು ಹತ್ತಿಯ ಉದ್ದ ಪ್ಯಾಂಟ್ ಹಾಕಿದ್ದೆ. ಬೆವರಿದ ಮೇಲೆ ಬದಲಿಸೋಕೆ ಒಂದು ಅಂಗಿ ಚೀಲದಲ್ಲಿತ್ತು. ಒದ್ದೆ ಅಂಗಿಯಲ್ಲಿ ಬುದ್ಧನ ಮುಂದೆ ಕೂರೋಕೆ ನನಗೆ ಮನಸ್ಸಾಗಲಿಲ್ಲ.

ದೇಗುಲ ಕಾಣುವುದಕ್ಕೆ ಮೊದಲು ನೀರಿನ ಸದ್ದು ಕೇಳುತ್ತದೆ. ಅಗಲವಾದ ಇಳಿಜಾರು ಬಂಡೆ, ಅದರ ಮೇಲೆ ತೆಳ್ಳಗೆ ಜಾರುವ ತೊರೆ, ಆಚೆ ಕೆಳಗೆ ಇಡೀ ಚಿಯಾಂಗ್ ಮಾಯ್. ನಾನು ಮೊದಲು ವಿಹಾರದ, ಅಂದರೆ ಬುದ್ಧನ ಮೂರ್ತಿ ಇರುವ ಪ್ರಾರ್ಥನಾ ಮಂದಿರದ, ಒಳಗೆ ಹೋಗಲಿಲ್ಲ. ಬಂಡೆಯ ಒಣ ಜಾಗದಲ್ಲಿ ಸುಮ್ನೆ ಕೂತೆ. ನಡೆದು ಬಂದ ಉಸಿರು ತಾನಾಗಿ ಇಳಿಯುತ್ತಾ ಬರುತ್ತದೆ. ಹಾಗೆ ಇಳಿದ ಮೇಲೆ ಎದ್ದು ನೋಡಿದರೆ ಅದೇ ಅಂಗಳದಲ್ಲಿ ಮೊದಲು ಕಾಣದಿದ್ದದ್ದು ಕಾಣುತ್ತದೆ. ಪಾಚಿ ಹಿಡಿದ ಮೆಟ್ಟಿಲು, ಅದರ ಅಂಚಿಗೆ ಮೈಚಾಚಿದ ನಾಗ, ಮರದ ಬುಡದಲ್ಲಿ ಮುಖ ಸವೆದ ಸಣ್ಣ ಬುದ್ಧ, ಬರ್ಮಾ ಶೈಲಿಯ ಸ್ತೂಪ. ಯಾವುದನ್ನೂ ತಿಕ್ಕಿ ತೊಳೆದು ಹೊಸದು ಮಾಡಿಲ್ಲ. ಅದು ನನಗೆ ತುಂಬಾ ಇಷ್ಟವಾಯಿತು. ಕಾಡು ಮತ್ತು ದೇಗುಲದ ನಡುವೆ ಗೆರೆಯೇ ಇಲ್ಲ. ದಾನಿಗಳ ಕಲ್ಲಿನ ಮೇಲೆ 2500 ದಾಟಿದ ಇಸವಿ ಕಂಡರೆ ಅದು ಬೌದ್ಧ ಶಕೆ, 543 ಕಳೆಯಿರಿ, ನಮ್ಮ ಲೆಕ್ಕ ಸಿಗುತ್ತದೆ.

ವಿಹಾರಕ್ಕೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ಕೂರುವಾಗ ಅಂಗಾಲು ಬುದ್ಧನ ಕಡೆ ತಿರುಗಬಾರದು. ಕಾಲನ್ನು ಹಿಂದಕ್ಕೆ ಮಡಚಿ ಒಂದು ಪಕ್ಕಕ್ಕೆ ಹಾಕಿ ಕೂರುವುದು ಅಲ್ಲಿನ ರೂಢಿ, ಮಂಡಿಗೂ ಸುಲಭ. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ, ಏನನ್ನೂ ನೇರ ಕೈಗೆ ಕೊಡುವಂತಿಲ್ಲ. ಕೊಡುವುದಿದ್ದರೆ ಅವರು ಹಾಸಿದ ಬಟ್ಟೆಯ ಮೇಲೆ ಇಡಬೇಕು. ಭಿಕ್ಷುಗಳು ಮಧ್ಯಾಹ್ನದ ಮೇಲೆ ಊಟ ಮಾಡುವುದಿಲ್ಲ, ಹಾಗಾಗಿ ಆಹಾರ ಕೊಡುವ ಆಸೆ ಇದ್ದವರು ಬೆಳಿಗ್ಗೆಯೇ ಹೋಗಬೇಕು. ಫೋಟೋ ತೆಗೆಯೋಕೆ ಅಡ್ಡಿಯಿಲ್ಲ. ಆದರೆ ಗುಡಿಸುತ್ತಲೋ ಧ್ಯಾನಕ್ಕೆ ಕೂತೋ ಇರುವ ಭಿಕ್ಷುವಿನ ಮುಖಕ್ಕೆ ಕ್ಯಾಮೆರಾ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಅದು ಅವರ ಮನೆ. ಫೋನನ್ನು ಸೈಲೆಂಟ್‌ಗೆ ಹಾಕಿ ಚೀಲಕ್ಕೆ ಸೇರಿಸಿಬಿಡಿ.

ನವೆಂಬರ್‌ನಿಂದ ಜನವರಿವರೆಗೆ ಹೋಗುವುದು ವಾಸಿ. ಮಳೆಗಾಲದಲ್ಲಿ ಕಾಡು ಹಸಿರು, ಆದರೆ ಆ ಬಂಡೆ ಜಾರುತ್ತದೆ. ಮಾರ್ಚ್, ಏಪ್ರಿಲ್ ಬೇಡವೇ ಬೇಡ. ಹೊಲ, ಕಾಡು ಸುಡುವ ಹೊಗೆ ಕಣಿವೆಯಲ್ಲಿ ತುಂಬಿಕೊಂಡು ಊರೂ ಕಾಣುವುದಿಲ್ಲ, ಉಸಿರಾಟವೂ ಕಷ್ಟ.

ದೇಗುಲದಿಂದ ಮುಂದೆ ಕಾಲುದಾರಿ ಟಾರು ರಸ್ತೆ ದಾಟಿ ಚಿನ್ನದ ಸ್ತೂಪದವರೆಗೂ ಹತ್ತುತ್ತದೆ. ಆ ಭಾಗ ಇನ್ನೂ ಕಡಿದು. ನಾನು ಅದನ್ನು ಬೇರೆ ದಿನಕ್ಕೆ ಇಟ್ಟುಕೊಂಡೆ. ಮಂಡಿನೋವು ಇದ್ದವರು ವಾಪಸ್ ಕಾಡಿನಲ್ಲೇ ಇಳಿಯಬೇಕಿಲ್ಲ. ರಸ್ತೆಗೆ ಬಂದು ಕೈ ಅಡ್ಡ ಹಿಡಿದರೆ, ಸೀಟು ಖಾಲಿ ಇರುವ ಸಾಂಗ್‌ಥೆವ್ ನಿಲ್ಲುತ್ತದೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.