ಸಲಾಯಿನ್ ಹಚ್ಚದೆ ವಾಂತಿ-ಭೇದಿಗೆ ಚಿಕಿತ್ಸೆ: ನಮ್ಮ ಆರೋಗ್ಯ ಕೇಂದ್ರದಲ್ಲಿ ಬದಲಾದದ್ದು

ವಾಂತಿ-ಭೇದಿಯ ಮಗುವನ್ನು ಎತ್ತಿಕೊಂಡು ಬಂದವರು ನಮ್ಮಲ್ಲಿ ಮೊದಲು ಹೇಳುವ ಮಾತು, "ಸಲಾಯಿನ್ ಹಚ್ರಿ ಮೇಡಮ್ಮಾರ". ಓಆರ್‌ಎಸ್ ಪೊಟ್ಟಣ ಕೈಗಿಟ್ಟರೆ ಅವರ ಮುಖ ಬಾಡುತ್ತದೆ. ಉಪ್ಪು-ಸಕ್ಕರೆ ನೀರು ಕುಡಿಸಲಿಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂಬ ಬೇಸರ. ಜನರಿಗೆ ತಿಳಿವಳಿಕೆ ಇಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ವೃತ್ತಿಯ ರೂಢಿ. ಉತ್ತರ ಕರ್ನಾಟಕದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿ ಕೆಲಸ ಮಾಡುತ್ತಾ ನನಗೆ ಮನವರಿಕೆಯಾದದ್ದು ಬೇರೆ. ಬಾಟ್ಲಿಯೇ ಖರೇ ಔಷಧ ಎಂದು ಜನರಿಗೆ ಕಲಿಸಿದ್ದು ಆಸ್ಪತ್ರೆಗಳೇ.

ಭೇದಿಯಲ್ಲಿ ಜೀವಕ್ಕೆ ಅಪಾಯ ಬರುವುದು ಮುಖ್ಯವಾಗಿ ನೀರು ಮತ್ತು ಲವಣ ಕಳೆದುಕೊಳ್ಳುವುದರಿಂದ. ಕರುಳಿನ ಗೋಡೆಯನ್ನು ಗ್ಲೂಕೋಸ್ ದಾಟುವಾಗ ಸೋಡಿಯಂ ಅದರ ಜೊತೆಗೇ ದಾಟುತ್ತದೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ. ಕಾಲರಾದಂಥ ಕಾಲರಾದಲ್ಲೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ನಂಬಿದ್ದು ಇದನ್ನೇ. ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ನನಗೆ ಆ ಕಥೆಯಲ್ಲಿ ಅಂಕಿಗಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ: ಆ ನೀರನ್ನು ಕುಡಿಸಿದವರಲ್ಲಿ ರೋಗಿಗಳ ಮನೆಯವರೇ ಇದ್ದರು.

ಹಾಗಿದ್ದೂ ನಮ್ಮ ವಾರ್ಡಿನಲ್ಲಿ ಬಾಟ್ಲಿ ಯಾಕೆ ಗೆಲ್ಲುತ್ತದೆ? ಹಿರಿಯ ಸಿಸ್ಟರ್ ಒಬ್ಬರನ್ನು ಕೇಳಿದೆ. "ಮೇಡಂ, ಸಲಾಯಿನ್ ಹಚ್ಚಿದ್ರ ನಾನು ಬ್ಯಾರೆ ಕೆಲ್ಸ ನೋಡ್ತೀನ್ರೀ. ಒಂದೊಂದು ಕೂಸಿನ ಮುಂದ ಚಮಚ ಹಿಡ್ಕೊಂಡು ಕೂಡಾಕ ನನಗ ಪುರಸೊತ್ತು ಎಲ್ಲೈತ್ರೀ?" ಎಂದರು. ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ ಅದು. ನೇತಾಡುವ ಬಾಟ್ಲಿ ಎಲ್ಲರಿಗೂ ಸಮಾಧಾನ ಕೊಡುತ್ತದೆ. ವೈದ್ಯರು ಏನೋ ಮಾಡಿದರು ಎಂದು ಮನೆಯವರು ಅಂದುಕೊಳ್ಳುತ್ತಾರೆ, ವಾರ್ಡು ಶಾಂತವಾಗಿರುತ್ತದೆ. ಕುಡಿಸುವ ಚಿಕಿತ್ಸೆಗೆ ಮಾತ್ರ ಯಾರಾದರೂ ಪಕ್ಕದಲ್ಲಿ ಕೂರಲೇಬೇಕು. ಸುತ್ತೋಲೆ ಓದಿಹೇಳಿದರೆ ಈ ಗಂಟು ಬಿಚ್ಚುವುದಿಲ್ಲ.

ಆದ್ದರಿಂದ ಉಪದೇಶ ಬಿಟ್ಟು ಜಾಗ ಬದಲಿಸಿದೆವು. ಸಿಸ್ಟರ್ ಮೇಜಿನ ಎದುರಿಗೇ ಉದ್ದನೆಯ ಬೆಂಚು ಹಾಕಿಸಿದೆ. ಕಾಯಿಸಿ ಆರಿಸಿದ ನೀರು, ಒಂದು ಲೀಟರಿನ ಜಗ್ಗು, ಲೋಟ, ಚಮಚ, ಕಾಣುವ ಹಾಗೆ ಒಂದು ಗಡಿಯಾರ. ಕಣ್ಣು ಒಳಗೆ ಹೋಗಿ, ನೀರಿಗೆ ಹಾತೊರೆಯುವ, ಆದರೆ ಎಚ್ಚರವಿರುವ ಮಗು ಆ ಬೆಂಚಿಗೆ. ಲೆಕ್ಕ ಸರಳ: ಕೆಜಿಗೆ 75 ಮಿಲಿ ಓಆರ್‌ಎಸ್ ದ್ರಾವಣ, ನಾಲ್ಕು ಗಂಟೆಗಳಲ್ಲಿ. ಹತ್ತು ಕೆಜಿಯ ಮಗುವಿಗೆ 750 ಮಿಲಿ. ಅಷ್ಟನ್ನು ಅಳೆದು ತಾಯಿಯ ಮುಂದಿಡುತ್ತೇವೆ. ಚಮಚ ಅವಳ ಕೈಯಲ್ಲೇ, ನಿಮಿಷಕ್ಕೋ ಎರಡು ನಿಮಿಷಕ್ಕೋ ಒಂದು. ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನೂ ನಿಧಾನವಾಗಿ. ಎದೆಹಾಲು ನಿಲ್ಲಿಸುವ ಹಾಗಿಲ್ಲ. ಸಿಸ್ಟರ್ ತಮ್ಮ ಕೆಲಸ ಮಾಡುತ್ತಲೇ ಕಣ್ಣಿಟ್ಟಿರುತ್ತಾರೆ. ಬೆಳಿಗ್ಗೆ ಬಂದ ತಾಯಿ ಮಧ್ಯಾಹ್ನ ಬಂದವಳಿಗೆ ಚಮಚ ಹಿಡಿಯುವುದನ್ನು ತೋರಿಸಿಕೊಡುವುದು ನಾವು ಯೋಜಿಸಿದ್ದಲ್ಲ. ಅದು ತಾನಾಗಿ ಬಂತು, ನಮ್ಮ ಯಾವ ತರಬೇತಿಗಿಂತಲೂ ಚೆನ್ನಾಗಿ ನಡೆಯಿತು.

ಅಜ್ಜಿಯರ ತಕರಾರು ಬೇರೆ: "ನೀರ ಕುಡಿಸಿದ್ರ ಇನ್ನಾ ಹೆಚ್ಚಿಗಿ ಆಕ್ಕೈತ್ರಿ." ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ಕರುಳು ಚಲಿಸುತ್ತದೆ, ಮಗು ಮತ್ತೆ ಭೇದಿ ಮಾಡುತ್ತದೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಅವರ ವಿಶ್ವಾಸ ಅಲ್ಲಿಗೇ ಹೋಯಿತು. ನಾನು ಹೇಳುವುದು ಇಷ್ಟು: "ಭೇದಿ ಇವತ್ತೇ ನಿಲ್ಲೂದಿಲ್ಲವ್ವಾ, ಎರಡು-ಮೂರು ದಿನ ಇರಬಹುದು. ಕೂಸು ಒಣಗಬಾರದು. ಹೋದಷ್ಟು ನೀರು ತಿರುಗಿ ಒಳಗ ಹೋಗ್ಬೇಕು." ಆಮೇಲೆ ಅವರೇ ಚಮಚ ಕೈಗೆ ತೆಗೆದುಕೊಳ್ಳುತ್ತಾರೆ.

ಬಾಟ್ಲಿಯನ್ನು ನಾವು ಬಿಟ್ಟಿಲ್ಲ. ಮಗು ಎಚ್ಚರ ತಪ್ಪಿದ್ದರೆ, ಕುಡಿಯಲಾರದಷ್ಟು ಸೋತಿದ್ದರೆ, ಚಿವುಟಿ ಬಿಟ್ಟ ಹೊಟ್ಟೆಯ ಚರ್ಮ ಎರಡು ಸೆಕೆಂಡು ಕಳೆದರೂ ಮಡಿಕೆಯಾಗಿಯೇ ನಿಂತಿದ್ದರೆ ಒಂದು ಕ್ಷಣವೂ ತಡಮಾಡದೆ ಹಚ್ಚಬೇಕು. ಅದೂ ರಿಂಗರ್ ಲ್ಯಾಕ್ಟೇಟ್ ಎಂಬ ಲವಣಗಳಿರುವ ದ್ರವ, ಕೆಜಿಗೆ 100 ಮಿಲಿ. ಜನ ಕೇಳುವ ಬರೀ ಗ್ಲೂಕೋಸ್ ಬಾಟ್ಲಿಯಲ್ಲಿ ಕಳೆದುಹೋದ ಲವಣವೇ ಇಲ್ಲ. ಅದನ್ನು ಭೇದಿಗೆ ಹಚ್ಚಿ ಹಣ ಪಡೆಯುವುದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮೇಲಿನವರು ಕೇಳುವ ಲೆಕ್ಕವನ್ನೂ ಪ್ರಶ್ನಿಸಬೇಕಾಯಿತು. ಸಭೆಗಳಲ್ಲಿ ಕೇಳುವುದು ಎಷ್ಟು ಪೊಟ್ಟಣ ಹಂಚಿದಿರಿ ಎಂದು. ಹಂಚಿದ ಪೊಟ್ಟಣ ಗೂಡಿನಲ್ಲೇ ಕೂತಿರಬಹುದು, ಇಲ್ಲವೇ ಒಂದು ಲೀಟರಿನ 20.5 ಗ್ರಾಂ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದಿರಬಹುದು. ಅಷ್ಟು ಗಟ್ಟಿಯಾದ ದ್ರಾವಣ ಮಗುವಿಗೆ ಅಪಾಯ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ ಸುಮಾರು ಹತ್ತು ವರ್ಷ ಮನೆಮನೆಗೆ ಹೋಗಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಉಪ್ಪು-ಬೆಲ್ಲದ ನೀರು ಮಾಡುವುದನ್ನು ಕಲಿಸಿತು. ಕಲಿಸಿದವರಿಗೆ ಸಂಬಳ ಕೊಟ್ಟದ್ದು ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂದು ನೋಡಿ. ನನ್ನ ಕೈಯಲ್ಲಿ ಸಂಬಳವಿಲ್ಲ, ಆದರೆ ಪ್ರಶ್ನೆ ಇದೆ. ನಮ್ಮ ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಈಗ ನಾನು ಕೇಳುವುದು, ನಿಮ್ಮೆದುರಿಗೆ ಪೊಟ್ಟಣ ಕದಡಿ ತೋರಿಸಿದ ತಾಯಂದಿರು ಯಾರ್ಯಾರು ಎಂದು. ಮನೆಯಲ್ಲಿ ಅಳತೆಯಿಲ್ಲದಿದ್ದರೆ ಅಂಗಡಿಯ ಒಂದು ಲೀಟರ್ ನೀರಿನ ಬಾಟಲಿಯೇ ಅಳತೆ ಎಂಬ ಉಪಾಯ ಬಂದದ್ದು ಅವರಲ್ಲೊಬ್ಬರಿಂದ.

ಇನ್ನೂ ಕೈಗೆ ಹತ್ತದ ಕೆಲಸ ಓಆರ್‌ಎಸ್ ಜೊತೆಗೆ ಕೊಡುವ ಜಿಂಕ್ ಮಾತ್ರೆಯದು. ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನ ಕೂಸಿಗೆ 10, ಒಟ್ಟು 14 ದಿನ. ಆದರೆ ಭೇದಿ ನಿಂತ ಕೂಡಲೇ ಮನೆಯವರು ಮಾತ್ರೆಯನ್ನೂ ನಿಲ್ಲಿಸಿಬಿಡುತ್ತಾರೆ. ಮುಂದಿನ ಕೆಲವು ತಿಂಗಳು ಮತ್ತೆ ಭೇದಿಯಾಗುವುದು ಇದರಿಂದ ಕಡಿಮೆಯಾಗುತ್ತದೆ ಎಂದರೆ, ಆಡುತ್ತಿರುವ ಮಗುವಿಗೆ ಗುಳಿಗೆ ಯಾಕೆ ಎಂದು ಕೇಳುತ್ತಾರೆ. ಈ ಮಳೆಗಾಲಕ್ಕೆ ಆಶಾಗಳು ವಾರದ ನಂತರ ಇನ್ನೊಮ್ಮೆ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುವುದೆಂದು ಗೊತ್ತುಮಾಡಿದ್ದೇವೆ.