ಹಳೇ 10 ಬೋರ್ ಕೋವಿಗೆ ತಕ್ಕ ತೋಟಾ ಹೊಂದಿಸಿದ್ದು

ಅಮೆರಿಕದ ಮಿನ್ನೆಸೋಟಾದಲ್ಲಿ ಬಾತು ಬೇಟೆಗೆ ಅಂತ ನೂರು ವರ್ಷಕ್ಕೂ ಹಳೆಯದಾದ ಇಂಗ್ಲಿಷ್ 10 ಬೋರ್ ಡಬಲ್ ಬ್ಯಾರಲ್ ಕೋವಿ ಕೊಂಡೆ. ನಳಿಗೆ ತುಂಬ ಡಮಾಸ್ಕಸ್ ಉಕ್ಕಿನ (ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು) ಸುರುಳಿ ಗೆರೆಗಳು, ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಅಂಗಡಿಯಿಂದ 10 ಗೇಜ್ ತೋಟಾ ತಂದೆ. ಬೋರ್, ಗೇಜ್ ಎರಡೂ ನಳಿಗೆಯ ಅಗಲದ ಅಳತೆಯೇ. ಎರಡೂ 10 ತಾನೇ, ಸಾಕಲ್ವಾ ಅಂದುಕೊಂಡಿದ್ದೆ.

ಹಾರಿಸುವ ಮೊದಲು ಕೋವಿ ರಿಪೇರಿಯವರಿಗೆ ತೋರಿಸಿದ್ದು ಒಳ್ಳೆಯದಾಯಿತು. ಅಳೆದರೆ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, 2⅞ ಇಂಚು, ಈಗಿನ ತೋಟಾ 3½ ಇಂಚು! ಗುಂಡು ಹೊಡೆದಾಗ ತೋಟಾದ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲುವುದಿಲ್ಲ. ಒತ್ತಡ ಏರಿ ನಳಿಗೆ ಸಿಡಿಯಬಹುದು. ಈಗಿನ ತೋಟಾದ ಒತ್ತಡವೇ ಹಳೇ ನಳಿಗೆಗೆ ಜಾಸ್ತಿ.

ಚರೆಯದ್ದೂ (ತೋಟಾದೊಳಗಿನ ಸಣ್ಣ ಗುಂಡುಗಳು) ತೊಡಕು. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿ ಬೇಟೆಗೆ ಸೀಸದ ಚರೆ ನಿಷೇಧ. ಅದರ ಬದಲು ಬಳಸುವ ಉಕ್ಕಿನ ಚರೆ ಗಟ್ಟಿ, ಹಳೇ ನಳಿಗೆಯನ್ನು ಗೀರಿ ಹಾಳು ಮಾಡುತ್ತದೆ.

ಕೊನೆಗೆ ರಿಪೇರಿಯವರೇ 2⅞ ಇಂಚಿನ ಖಾಲಿ ತೋಟಾಗಳಿಗೆ ಬಿಸ್ಮತ್ ಅನ್ನೋ ಲೋಹದ ಚರೆ, ಕಡಿಮೆ ಒತ್ತಡದ ಮದ್ದು ತುಂಬಿಕೊಟ್ಟರು. ಬಿಸ್ಮತ್ ಉಕ್ಕಿಗಿಂತ ಮೆದು, ಭಾರವೂ ಹೌದು. ಮೊದಲು 30 ಗಜದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು ನೋಡಿದೆ. ಚರೆ ಒತ್ತೊತ್ತಾಗಿ, ಸಮವಾಗಿ ಬಿದ್ದಿತ್ತು. ಮಾರನೇ ವಾರ ಜೌಗಿನಲ್ಲಿ ಎರಡು ಮಲ್ಲಾರ್ಡ್ ಬಾತು ಸಿಕ್ಕವು. ಎರಡೂ ಒಂದೊಂದೇ ಏಟಿಗೆ.